ಕಸ್ತೂರಕ್ಕನ ಎಡಗೆನ್ನೆ

ಬಸ್ಸಿನಲ್ಲಿ ಕಸ್ತೂರಕ್ಕ ಎಡಗಡೆಯ ಕಿಟಕಿಯ ಸೀಟನ್ನೇ ಹಿಡಿಯುತ್ತಿದ್ದಳು. ಅದು ಸಿಗದಿದ್ದರೆ ಸೆರಗನ್ನು ಎಡಕಿವಿಯ ಮೇಲೆ ಎಳೆದುಕೊಂಡು ಜಮಖಂಡಿಯಿಂದ ಮುಧೋಳದವರೆಗೂ ನಿಂತೇ ಬರುತ್ತಿದ್ದಳು. ಅದೇ ಹೆಂಗಸು ನಾಟಕದಲ್ಲಿ ಮಾತ್ರ ಪ್ರೇಕ್ಷಕರ ಬಲಗಡೆಯ ಪರದೆಯ ಸಂದಿಯಿಂದಲೇ ಪ್ರವೇಶ ಮಾಡುತ್ತಿದ್ದಳು. ಆ ಕಡೆಯಿಂದ ನಡೆದುಬಂದರೆ ಜನಕ್ಕೆ ಮೊದಲು ಕಾಣುವುದು ಎಡಗೆನ್ನೆ. ಕಣ್ಣಿನ ಕೆಳಗಿನಿಂದ ಹೊರಟು, ಕೆನ್ನೆಯನ್ನೆಲ್ಲ ತುಂಬಿ, ದವಡೆಯ ಅಂಚಿನವರೆಗೆ ಇಳಿದಿದ್ದ ಕಪ್ಪು ನೇರಳೆಯ ಕಲೆ. ಹುಟ್ಟಿನಿಂದ ಬಂದದ್ದು. ಅದು ಕಂಡೊಡನೆ ಮುಂದೆ ಕೂತ ಹೆಣ್ಣುಮಕ್ಕಳು ತಮ್ಮ ಕೂಸುಗಳನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದರು. ಆಕೆ ಆಗಿನ್ನೂ ಒಂದು ಮಾತೂ ಆಡಿರುತ್ತಿರಲಿಲ್ಲ.

ಇದನ್ನೆಲ್ಲ ನಾನು ಪರದೆಯ ಮರೆಯಲ್ಲಿ ನಿಂತು ನೋಡಿದವನು. ಜಮಖಂಡಿಯಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪ್ ಮಾಡುವುದು ನನ್ನ ಹೊಟ್ಟೆಪಾಡು. ಹಳ್ಳಿಯ ಹುಡುಗರು ಆಡುವ ನಾಟಕಗಳಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುವುದು ನನ್ನ ಹುಚ್ಚು. ಪುಸ್ತಕ ಹಿಡಿದವನನ್ನು ನಮ್ಮ ಕಡೆ ಮಾಸ್ತರ ಅನ್ನುತ್ತಾರೆ. ಹಾಗಾಗಿ ಒಂದು ದಿನವೂ ಸಾಲೆಯಲ್ಲಿ ಪಾಠ ಹೇಳದ ನಾನು ಮುಧೋಳ, ಬೀಳಗಿ, ರಬಕವಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಮಾಸ್ತರನಾದೆ. ಗಂಡು ಪಾತ್ರಗಳನ್ನು ಊರ ಹುಡುಗರು ಮಾಡುತ್ತಾರೆ. ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಮಲತಾಯಿ, ಸವತಿ, ಸೊಸೆಯನ್ನು ಸುಡುವ ಅತ್ತೆ, ಇಂಥ ಪಾತ್ರವಿದ್ದರೆ ರಬಕವಿಯ ಕಸ್ತೂರಕ್ಕನಿಗೆ ಫೋನು ಹೋಗುತ್ತಿತ್ತು. ನನಗಿಂತ ಐದಾರು ವರ್ಷ ದೊಡ್ಡವಳು. ನಾನು ಅಕ್ಕಾ ಅನ್ನುತ್ತಿದ್ದೆ. ಆಕೆ ನನ್ನನ್ನು ಕೊನೆಯವರೆಗೂ ಮಾಸ್ತರ ಎಂದೇ ಕರೆದಳು, ‘ರೀ’ ಹಚ್ಚಿಯೇ ಮಾತಾಡಿದಳು.

ಈ ಹಳ್ಳಿಯ ನಾಟಕಗಳಿಗೆ ಅವುಗಳದೇ ಒಂದು ರೂಢಿಯಿದೆ. ಗೌಡನ ತಮ್ಮ ಕುಂಟುತ್ತ ಬಂದನೆಂದರೆ ಅಣ್ಣನ ಹೊಲದ ಮೇಲೆ ಕಣ್ಣಿಟ್ಟವನು ಎಂದೇ ಲೆಕ್ಕ. ಹುಬ್ಬಿನ ಮೇಲೆ ಹೊಲಿಗೆಯ ಗುರುತಿದ್ದವನು ಜೈಲು ಕಂಡುಬಂದವನು. ನಾಯಕನ ಹೆಗಲ ಮೇಲೆ ಮಚ್ಚೆ ಇದ್ದರೆ ಕೊನೆಯ ಪ್ರವೇಶದಲ್ಲಿ ಅವನ ಅಂಗಿ ಹರಿದೇ ಹರಿಯುತ್ತದೆ. ಕಳೆದುಹೋದ ಮಗ ಸಿಕ್ಕನೆಂದು ತಾಯಿ ಓಡಿಬರುತ್ತಾಳೆ. ಒಳ್ಳೆಯವರ ಗುರುತು ಅಂಗಿಯ ಒಳಗಿರುತ್ತದೆ, ಕೆಟ್ಟವರದು ಮುಖದ ಮೇಲೆ. ಬಣ್ಣ ಹಚ್ಚುವವರು ಉಳಿದವರ ಮುಖಕ್ಕೆ ಕೆಟ್ಟತನ ಬರೆಯಲು ಒಂದೊಂದು ತಾಸು ತೆಗೆದುಕೊಂಡರೆ ಕಸ್ತೂರಕ್ಕನ ಕೆಲಸ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತಿತ್ತು. ಕಲೆಯ ಅಂಚಿಗೆ ಚೂರು ಕಾಡಿಗೆ ತೀಡಿ, “ನಿಮಗ ದೇವರ ಮೇಕಪ್ ಮಾಡಿ ಕಳಿಸ್ಯಾನ್ರಿ ಅಕ್ಕಾರ,” ಎಂದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಅದೇ ಮಾತಿಗೆ ಎಷ್ಟು ವರ್ಷ ನಕ್ಕಳೋ.

ಒಮ್ಮೆ ಮುಧೋಳದ ಹತ್ತಿರ ತಾಲೀಮು ಮುಗಿಸಿ ಚಹಾ ಕುಡಿಯುತ್ತ ಕುಳಿತಿದ್ದೆವು. ಎದುರಿನ ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಮೊಮ್ಮಗನಿಗೆ ನೀರೆರೆದು, ಪೌಡರು ಬಳಿದು, ಗಲ್ಲಕ್ಕೆ ಕಾಡಿಗೆಯ ದೊಡ್ಡ ಬೊಟ್ಟು ಇಡುತ್ತಿದ್ದಳು. ಕಸ್ತೂರಕ್ಕ ಬಹಳ ಹೊತ್ತು ಅದನ್ನೇ ನೋಡಿದಳು.

“ನೋಡ್ರಿ ಮಾಸ್ತರ, ಕೂಸಿಗೆ ದೃಷ್ಟಿ ಆಗಬಾರದಂತ ಕರೀ ಬೊಟ್ಟ ಇಡತಾರ. ದೇವರು ನನಗ ಅದನ್ನ ಸ್ವಲ್ಪ ಜಾಸ್ತಿನ ಇಟ್ಟಾನ. ಒಟ್ಟ ಯಾರ ದೃಷ್ಟೀನೂ ತಾಗಲಿಲ್ಲ ನನಗ.”

ಮದುವೆಯಾಗದ್ದನ್ನು ಆಕೆ ಹೇಳಿದ್ದು ಹೀಗೆ.

ನಾಟಕದಲ್ಲಿ ಬೈಸಿಕೊಳ್ಳುವುದು ಆಕೆಯ ಕೆಲಸ. ಅದು ನಾಟಕದ ಹೊರಗೂ ಬೆನ್ನು ಬಿಡುತ್ತಿರಲಿಲ್ಲ. ಬೀಳಗಿಯ ಬಸ್ ನಿಲ್ದಾಣದಲ್ಲಿ ಒಂದು ಮುಂಜಾನೆ ಹೆಂಗಸೊಬ್ಬಳು ನೆಟ್ಟಗೆ ಬಂದು ಆಕೆಯೆದುರು ನಿಂತಳು. “ಆ ಹುಡುಗೀನ ಬಾವ್ಯಾಗ ನೂಕಾಕ ಹ್ಯಾಂಗರೆ ಮನಸ ಬಂತಬೇ ನಿನಗ?” ಎಂದು ಗಟ್ಟಿಯಾಗಿ ಕೇಳಿದಳು. ಹಿಂದಿನ ವಾರ ನೋಡಿದ ನಾಟಕದ ಸಿಟ್ಟು ಅವಳಿಗಿನ್ನೂ ಇಳಿದಿರಲಿಲ್ಲ. ನಾನು ನಡುವೆ ಬಾಯಿ ಹಾಕಲು ಹೋದೆ. ಕಸ್ತೂರಕ್ಕ ಕೈ ಹಿಡಿದು ತಡೆದಳು.

“ತಪ್ಪಾತವ್ವಾ. ಇನ್ನೊಮ್ಮೆ ನೂಕೂದಿಲ್ಲ,” ಎಂದಳು.

ಹೆಂಗಸು ಸಮಾಧಾನವಾಗಿ ಹೋದಳು. ನನಗೆ ನಗು ಬಂದಿತ್ತು. ಬಸ್ಸು ಹತ್ತಿದ ಮೇಲೆ ಕಸ್ತೂರಕ್ಕನ ಮುಖ ನೋಡಿ ಅದು ಆರಿಹೋಯಿತು. ಕಿಟಕಿಯ ಆಚೆ ನೋಡುತ್ತ ಆಕೆ ಹೇಳಿದಳು: “ನಂದು ಮುಖ ಅಲ್ರಿ ಮಾಸ್ತರ, ಪಾಟಿ ಐತಿ. ಬಂದಾವ್ರೆಲ್ಲಾ ತಮಗ ಬೇಕಾದ್ದ ಬರದು, ತಾವ ಓದಕೊಂಡ ಹೋಗತಾರ. ಒರಸಿ ಒರಸಿ ಸಾಕಾಗೇತಿ.”

ರಬಕವಿಯಲ್ಲಿ ನೇಕಾರರ ಓಣಿಯಲ್ಲಿ ಆಕೆಯ ಮನೆ. ಎರಡೂ ಮಗ್ಗುಲಿಗೆ ಪವರ್‌ಲೂಮುಗಳು. ಆ ಸದ್ದಿನಲ್ಲಿ ಮಾತಾಡಿ ರೂಢಿಯಾಗಿದ್ದರಿಂದಲೇ ಆಕೆಯ ದನಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಮನೆಯಲ್ಲಿ ತಾಯಿ ನಾಗವ್ವ, ತೀರಿಹೋದ ಅಣ್ಣನ ಮಗ ಈರಣ್ಣ, ಅವನ ಹೆಂಡತಿ. ಈರಣ್ಣ ಬಾಡಿಗೆಗೆ ಟಂಟಂ ಆಟೊ ಓಡಿಸುತ್ತಿದ್ದ. ನಾಗವ್ವ ಸಣ್ಣ ಆಳು, ಬೆಳ್ಳಗಿನ ಮುಖ, ಒಂದು ಚುಕ್ಕೆಯೂ ಇರಲಿಲ್ಲ.

ಆ ಕಲೆ ತನ್ನಿಂದ ಬಂದದ್ದೆಂದು ನಾಗವ್ವ ನಂಬಿದ್ದಳು. ಕಸ್ತೂರಿ ಹೊಟ್ಟೆಯಲ್ಲಿದ್ದಾಗ ಗ್ರಹಣ ಬಂದಿತ್ತಂತೆ. ಬಸುರಿಯರು ಗ್ರಹಣದ ಹೊತ್ತಿನಲ್ಲಿ ಕತ್ತರಿ, ಕುಡಗೋಲು ಮುಟ್ಟಬಾರದೆಂದು ಹಿರಿಯರು ಹೇಳಿದ್ದರು. ಆದರೆ ಸೀರೆ ಅವತ್ತೇ ಮಗ್ಗದಿಂದ ಇಳಿಯಬೇಕಿತ್ತು. ನಾಗವ್ವ ಒಂದೇ ಒಂದು ಸಲ ದಾರ ಕತ್ತರಿಸಿದಳು. ಕೂಸು ಹುಟ್ಟಿದಾಗ ಸೂಲಗಿತ್ತಿ ಮೊದಲು ಆಡಿದ ಮಾತೇ “ಗ್ರಾಣದಾಗ ಏನ್ ಮಾಡಿದ್ಯವ್ವಾ?” ಎಂದು. ಅಂದಿನಿಂದ ಓಣಿಗೆಲ್ಲ ಅದೇ ಮಾತಾಯಿತು. ಗಂಡನೂ ಅದನ್ನೇ ಅಂದ. ಗಂಡ ಸತ್ತ ಮೇಲೆ ಅನ್ನುವವರು ಕಡಿಮೆಯಾದರು. ನಾಗವ್ವ ತಾನೇ ಅಂದುಕೊಳ್ಳತೊಡಗಿದಳು.

ಕಸ್ತೂರಕ್ಕನಿಗೆ ಆ ನಂಬಿಕೆ ಇರಲಿಲ್ಲ. “ನಮ್ಮ ಓಣ್ಯಾಗ ಗ್ರಾಣದಾಗ ಯಾರ ದಾರ ಕತ್ತರಿಸಿಲ್ಲ? ಅವರ ಮಕ್ಕಳೆಲ್ಲಾ ಗೊಂಬಿಯಂಗ ಅದಾರ. ನಮ್ಮವ್ವಗ ಎಷ್ಟ ಹೇಳಿದ್ರೂ ತಿಳಿವಲ್ದು,” ಎನ್ನುತ್ತಿದ್ದಳು. ತಾಯಿ ಮಗಳ ನಾಟಕವನ್ನು ಒಮ್ಮೆಯೂ ನೋಡಿರಲಿಲ್ಲ. ನಾನೇ ಒಮ್ಮೆ ಕರೆದಿದ್ದೆ. “ಬ್ಯಾಡೋ ಯಪ್ಪಾ. ನಾ ಮಾಡಿದ್ದಕ್ಕ ಮಂದಿ ಅಕೀಗೆ ಬೈಯೂದನ್ನ ನಾ ಕುಂತ ಕೇಳಬೇಕೇನು?” ಎಂದಿದ್ದಳು.

ಅದಕ್ಕೇ ಕಸ್ತೂರಕ್ಕನಿಗೆ ಒಂದು ಆಸೆ ಇತ್ತು. ಒಂದು ಸಲವಾದರೂ ಒಳ್ಳೆಯ ತಾಯಿಯ ಪಾತ್ರ ಮಾಡಬೇಕು, ಅವ್ವನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂಡ್ರಿಸಬೇಕು. ನಾಟಕ ಸಂಘದವರ ಮುಂದೆ ಈ ಮಾತು ತೆಗೆದಾಗಲೆಲ್ಲ ಅವರು ಚೇಷ್ಟೆ ಎಂದುಕೊಂಡರು. “ತಾಯಿ ಅಂದ್ರ ಕಳೀ ಇರಬೇಕ್ರಿ ಅಕ್ಕಾರ ಮುಖದಾಗ,” ಎಂದು ಒಬ್ಬ ಹೇಳಿದ್ದ. ಕಳೆ ಮತ್ತು ಕಲೆ, ಎರಡರ ನಡುವೆ ಒಂದೇ ಅಕ್ಷರದ ಅಂತರ ಎಂದು ಆಕೆ ಆಮೇಲೆ ನನಗೆ ಹೇಳಿದಳು. ನಗಲಿಲ್ಲ.

ಗಲಗಲಿಯ ಹತ್ತಿರ ನದಿ ದಂಡೆಯ ಒಂದು ಹಳ್ಳಿಯಲ್ಲಿ ಆ ಆಸೆ ತೀರುವ ಸಂದರ್ಭ ಬಂತು. ರಾತ್ರಿ ನಾಟಕಕ್ಕೆ ಪರವಾನಿಗೆ ಸಿಗದೆ ಅವರು ಮಧ್ಯಾಹ್ನವೇ ಆಟ ಇಟ್ಟುಕೊಂಡಿದ್ದರು. ಮುಂಜಾನೆ ನಾವು ಮುಟ್ಟುವಷ್ಟರಲ್ಲಿ ಗದಗಿನಿಂದ ಫೋನು ಬಂದಿತ್ತು. ತಾಯಿಯ ಪಾತ್ರದವಳಿಗೆ ಜ್ವರ, ಬರಲಾಗುವುದಿಲ್ಲ. ಸಂಘದ ಮುಖಂಡ ಮಲ್ಲಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವ ಹುಡುಗ, ನಾಟಕದಲ್ಲಿ ನಾಯಕನೂ ಅವನೇ. ಕಸ್ತೂರಕ್ಕನದು ಆ ನಾಟಕದಲ್ಲಿ ಮನೆಮುರುಕ ಅತ್ತೆಯ ಸಣ್ಣ ಪಾತ್ರ.

“ಅತ್ತಿ ಪಾರ್ಟ ಡ್ಯಾನ್ಸ್ ಮಾಡೂ ಹುಡುಗಿಗೆ ಕೊಡ್ರಿ. ತಾಯಿ ಪಾರ್ಟ ನಾ ಮಾಡತೀನಿ. ಮಾತೆಲ್ಲಾ ನನಗ ಬಾಯಿಪಾಠ ಐತಿ,” ಎಂದಳು.

ಮಲ್ಲಪ್ಪ ನನ್ನ ಕಡೆ ನೋಡಿದ. ಬೇರೆ ದಾರಿ ಇರಲಿಲ್ಲ. “ಆತ್ರಿ. ಆದ್ರ ಕಲಿ ಕಾಣಬಾರದ ನೋಡ್ರಿ. ದಪ್ಪಗ ಬಣ್ಣಾ ಹಚ್ಚಿಸ್ಕೊರ್ರಿ,” ಎಂದ.

ಕಸ್ತೂರಕ್ಕ ಒಪ್ಪಿದಳು. ಆಮೇಲೆ ಬೇವಿನ ಮರದ ಕೆಳಗೆ ನಿಂತು ಈರಣ್ಣನಿಗೆ ಫೋನು ಮಾಡಿದಳು. “ಅವ್ವನ್ನ ಕರ್ಕೊಂಡ ಬಾ. ಹಂಗ, ಉಟ್ಟ ಸೀರಿ ಮ್ಯಾಲೆ ಕರ್ಕೊಂಡ ಬಾ. ಇವತ್ತ ನನಗ ಯಾರೂ ಬೈಯೂದಿಲ್ಲಂತ ಹೇಳು.”

ಮೂರು ಗಂಟೆಗೆ ಪರದೆ ಎದ್ದಿತು. ತಗಡಿನ ಚಪ್ಪರದ ಕೆಳಗೆ ಬಿಸಿಲಿಗೆ ಕಾದು ಒಲೆಯಂತಾಗಿತ್ತು. ನಾಗವ್ವ ಹೆಣ್ಣುಮಕ್ಕಳ ಮುಂದಿನ ಸಾಲಿನಲ್ಲಿ ಮುದುಡಿ ಕುಳಿತಿದ್ದು ನನಗೆ ಪರದೆಯ ಸಂದಿಯಿಂದ ಕಾಣುತ್ತಿತ್ತು. ಮೊದಲ ಪ್ರವೇಶದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಬಣ್ಣ ಮುಖವನ್ನು ಮುಚ್ಚಿತ್ತು, ಜನ ಆಕೆಯನ್ನು ಗುರುತಿಸಿರಲಿಲ್ಲ. ಆದರೆ ಪ್ರವೇಶ ಮುಗಿಸಿ ಒಳಗೆ ಬಂದಾಗ ಬೆವರಿಗೆ ಬಣ್ಣ ಒಡೆದು, ಮಳೆ ಹೊಡೆದ ಸುಣ್ಣದ ಗೋಡೆಯಂತೆ ಕೆನ್ನೆಯ ಮೇಲಿಂದ ಇಳಿಯುತ್ತಿತ್ತು. ಬಣ್ಣದವನು ಮತ್ತೆ ಬಳಿಯಲು ಬಂದ. ಹಚ್ಚಿದ್ದು ನಿಲ್ಲಲಿಲ್ಲ. ಹಾರ್ಮೋನಿಯಂ ಆಕೆಯ ಎರಡನೇ ಪ್ರವೇಶಕ್ಕೆ ಕರೆಯತೊಡಗಿತು.

ಕಸ್ತೂರಕ್ಕ ಕೊಡದಿಂದ ಚೊಂಬು ನೀರು ತೆಗೆದು ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಂಡಳು.

“ಅಕ್ಕಾ, ಮಲ್ಲಪ್ಪ ಸಿಟ್ಟಾಗತಾನ,” ಎಂದೆ.

“ಆಗವಲ್ನ್ಯಾಕ್ರಿ ಮಾಸ್ತರ. ಸೋರೂ ಮುಖ ಹೊತಗೊಂಡ ತಾಯಿ ಆಗಾಕ ನನಗ ಬರೂದಿಲ್ಲ,” ಎಂದು ಹಾಲಿನ ಲೋಟ ಎತ್ತಿಕೊಂಡು ಹೊರಟಳು.

ದೂರದೂರಿಗೆ ಹೊರಟ ಮಗನಿಗೆ ತಾಯಿ ಹಾಲು ಕೊಟ್ಟು ಹರಸುವ ದೃಶ್ಯ ಅದು. ಆಕೆ ರಂಗದ ಮೇಲೆ ಬಂದು ನಿಂತೊಡನೆ ಜನರಲ್ಲಿ ಗುಜುಗುಜು ಎದ್ದಿತು. ಹಿಂದಿನ ವರ್ಷ ಅದೇ ಊರಿನಲ್ಲಿ, ಅದೇ ಜಾಗದಲ್ಲಿ, ಆಕೆ ಮಲತಾಯಿಯಾಗಿ ಹಾಲಿಗೆ ವಿಷ ಬೆರೆಸಿದ್ದಳು. ನನಗೂ ಅದು ಆಗಲೇ ನೆನಪಾದದ್ದು. ಮಲ್ಲಪ್ಪ ಲೋಟಕ್ಕೆ ಕೈ ಚಾಚಿದ. ಹಿಂದಿನಿಂದ ಗಂಡಸಿನ ದನಿಯೊಂದು ಕೂಗಿತು:

“ಕುಡೀಬ್ಯಾಡೋ ಮಲ್ಲ್ಯಾ! ವಿಷಾ ಹಾಕ್ಯಾಳ ಅಕಿ!”

ಚಪ್ಪರವೆಲ್ಲ ನಕ್ಕಿತು. ಹುಡುಗರು ಸಿಳ್ಳೆ ಹಾಕಿದರು. “ಚೆಲ್ಲೋ, ಚೆಲ್ಲೋ!” ಎಂದು ಮತ್ತೆ ಯಾರೋ. ಮಲ್ಲಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದು ನನ್ನ ಕಡೆ ನೋಡಿದ. ನಾನು ಪುಸ್ತಕ ನೋಡಿದೆ. ಪುಸ್ತಕದಲ್ಲಿ ಇದಕ್ಕೆ ಮಾತಿರಲಿಲ್ಲ.

ಕಸ್ತೂರಕ್ಕ ಅಲ್ಲಾಡಲಿಲ್ಲ. ನಗೆ ತಾನಾಗಿ ಇಳಿಯುವವರೆಗೆ ಲೋಟ ಹಿಡಿದೇ ನಿಂತಳು. ಆಮೇಲೆ ಎಡಗೆನ್ನೆಯನ್ನು ಜನರ ಕಡೆಗೇ ತಿರುಗಿಸಿ, ತನ್ನ ಮನೆಯ ಪಡಸಾಲೆಯಲ್ಲಿ ಕೂತವಳ ಹಾಗೆ, ಮೆಲ್ಲಗೆ ಕೇಳಿದಳು: “ಯಾಕ್ರಿಪಾ, ಹಡದಾಕಿ ಮುಖದಾಗ ಕಲಿ ಇರಬಾರದೇನು?”

ಹೇಳಿ ಲೋಟ ಎತ್ತಿ ಅರ್ಧ ಹಾಲು ತಾನು ಕುಡಿದಳು. ಉಳಿದ ಅರ್ಧವನ್ನು ಮಗನ ಮುಂದೆ ಹಿಡಿದಳು.

ಮಲ್ಲಪ್ಪ ಕಲ್ಲಿನಂತೆ ನಿಂತುಬಿಟ್ಟಿದ್ದ. ಆಗ ಮುಂದಿನ ಸಾಲಿನಿಂದ ನಾಗವ್ವ ಎದ್ದಳು. ನಾಟಕವೆಂಬುದೇ ಆಕೆಗೆ ಮರೆತುಹೋಗಿತ್ತು.

“ಕುಡಿಯೋ ಯಪ್ಪಾ, ಏನೂ ಹಾಕಿಲ್ಲ. ಅಕಿ ನನ್ನ ಮಗಳದಾಳ!”

ಜನ ಮತ್ತೆ ನಕ್ಕರು. ಆದರೆ ಈ ನಗೆ ಬೇರೆಯದಾಗಿತ್ತು. ಪಕ್ಕದ ಹೆಂಗಸರು ನಾಗವ್ವನ ಕೈ ಹಿಡಿದು ಕೂಡ್ರಿಸಿಕೊಂಡರು. ಮಲ್ಲಪ್ಪ ಲೋಟ ಇಸಿದುಕೊಂಡು ಗಟಗಟನೆ ಕುಡಿದು, ಹೇಳಬೇಕಾದ ಮಾತನ್ನು ನುಂಗಿ, ಮುಂದಿನದಕ್ಕೆ ಹಾರಿದ. ನಾಟಕದ ಲೆಕ್ಕದಲ್ಲಿ ಆ ದೃಶ್ಯ ಕೆಟ್ಟುಹೋಯಿತು. ಆದರೂ ಕೊನೆಗೆ ತಾಯಿ ಮಗನ ತೊಡೆಯ ಮೇಲೆ ಪ್ರಾಣ ಬಿಡುವಾಗ ಹೆಣ್ಣುಮಕ್ಕಳ ಸಾಲುಗಳಲ್ಲಿ ಸೆರಗುಗಳು ಕಣ್ಣಿಗೆ ಹೋದವು.

ಸಂಜೆ ಈರಣ್ಣನ ಟಂಟಂನಲ್ಲಿ ಎಲ್ಲರೂ ಹಿಂದಿರುಗಿದೆವು. ಕಬ್ಬಿನ ಹೊಲಗಳ ನಡುವೆ ಬಹಳ ದೂರ ಬಂದ ಮೇಲೆ ನಾಗವ್ವ ಬಾಯಿ ತೆಗೆದಳು.

“ದಿನಾ ಹಿಂಗ ಒದರತಾರೇನ ಮಂದಿ ನಿನಗ?”

“ದಿನಾ ಇದಕ್ಕಿಂತ ಹೆಚ್ಚ ಇರತೈತಿ ಬೇ. ಇವತ್ತ ಕಡಿಮಿ.”

“ಮತ್ತ ಹ್ಯಾಂಗ ತಡಕೋತಿ?”

“ನೀ ಹ್ಯಾಂಗ ತಡಕೊಂಡಿ ಇಷ್ಟ ವರ್ಷ? ಹಂಗ.”

ನಾಗವ್ವ ಮಗಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಜಮಖಂಡಿಯಲ್ಲಿ ನಾನು ಇಳಿಯುವವರೆಗೂ ಅದನ್ನು ಬಿಡಲಿಲ್ಲ. ಗ್ರಹಣದ ಮಾತನ್ನು ನಾಗವ್ವ ಆಮೇಲೆ ಎತ್ತಲಿಲ್ಲವೆಂದು ಕಸ್ತೂರಕ್ಕ ಎಷ್ಟೋ ದಿನದ ನಂತರ ಹೇಳಿದಳು. ಮನಸ್ಸಿನಿಂದ ಹೋಯಿತೋ, ಬಾಯಿಂದ ಮಾತ್ರ ಹೋಯಿತೋ ತನಗೆ ಗೊತ್ತಿಲ್ಲ ಎಂದಳು.

ಆ ಮಧ್ಯಾಹ್ನದಿಂದ ಆಕೆಯ ದೆಸೆ ಏನೂ ಬದಲಾಗಲಿಲ್ಲ. ಹತ್ತೇ ದಿನಕ್ಕೆ ಬೀಳಗಿಯ ಕಡೆ ಮತ್ತೆ ಮಲತಾಯಿಯಾದಳು. ತಾಯಿಯ ಪಾತ್ರಕ್ಕೆ ಆಕೆಯನ್ನು ಮತ್ತೆ ಯಾರೂ ಕರೆಯಲಿಲ್ಲ. ಬರಬರುತ್ತ ಮಲತಾಯಿಯ ಪಾತ್ರಕ್ಕೂ ಕರೆಯುವವರು ಕಡಿಮೆಯಾದರು. ಊರ ಹುಡುಗರಿಗೆ ತಾಲೀಮಿಗೆ ಕೂಡ್ರುವ ವ್ಯವಧಾನ ಹೋಯಿತು. ನಾಟಕದ ಜಾಗಕ್ಕೆ ರಸಮಂಜರಿ ಬಂತು. ನನ್ನ ಮೊಣಕಾಲು ನಿಲ್ಲಗೊಡದಂತಾದವು. ನಾವು ಭೇಟಿಯಾಗುವುದೇ ಅಪರೂಪವಾಯಿತು.

ಕಡೆಯ ಸಲ ಆಕೆಯನ್ನು ನೋಡಿದ್ದು ಹೋದ ಚಳಿಗಾಲದಲ್ಲಿ. ಎದೆಯಲ್ಲಿ ನೀರು ತುಂಬಿ, ಆಸ್ಪತ್ರೆಯಿಂದ ಮನೆಗೆ ತಂದಿದ್ದರು. ಹೊರಸಿನ ಮೇಲೆ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಮಗ್ಗುಲಿನ ಮಗ್ಗಗಳ ಸದ್ದಿಗೆ ಗೋಡೆ ಅದುರುತ್ತಿತ್ತು. ಆಕೆಯ ದನಿ ಈಗ ಆ ಸದ್ದನ್ನು ದಾಟುತ್ತಿರಲಿಲ್ಲ. ನಾನು ಬಾಗಿ ಕೇಳಬೇಕಾಯಿತು. ಕೆನ್ನೆಯ ಮಾಂಸ ಇಳಿದು ಕಲೆ ಮಾತ್ರ ಹಾಗೆಯೇ ಇತ್ತು.

“ಹ್ಯಾಂಗ ಅದೀರಿ ಅಕ್ಕಾ?”

“ದಣಿವಾಗೇತ್ರಿ ಮಾಸ್ತರ. ಕಲಿ ಏನ ಭಾರ ಆಗಲಿಲ್ಲ. ಮಂದಿ ನೋಡೂದ ಭಾರ ಆತು. ಇಷ್ಟ ವರ್ಷ ಒಂದ ಮುಖಾ ಹೊತಗೊಂಡ ತಿರಗೂದಂದ್ರ ಸಣ್ಣ ಮಾತಲ್ಲ.”

ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು ಮತ್ತೆ ತೆರೆದಳು. “ಆ ಮಲ್ಲಪ್ಪ ಸಿಕ್ಕಿದ್ದನೇನು? ಹಾಲ ಕುಡ್ಯೂ ಮುಂದ ಖರೇನ ಹೆದರಿದ್ದ ನೋಡ್ರಿ ಅಂವ.” ನಕ್ಕಳು, ಕೆಮ್ಮು ಬಂತು. ಈರಣ್ಣನ ಹೆಂಡತಿ ನೀರು ತಂದಳು. ನಾನು ಎದ್ದೆ.

ನಾಲ್ಕಾರು ದಿನಕ್ಕೆ ಈರಣ್ಣನ ಫೋನು ಬಂತು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಕಾರ್ಯದ ದಿನ ಮುಂಜಾನೆಯೇ ಹೋದೆ. ಮನೆಯ ಮುಂದೆ ಸಣ್ಣ ಪೆಂಡಾಲು ಹಾಕಿದ್ದರು. ಒಳಗೆ ಕುರ್ಚಿಯ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೊ, ಮುಂದೆ ದೀಪ. ಬಾಗಿಲಲ್ಲಿ ನಿಂತು ನೋಡಿದ ನನಗೆ ಬೇರೆ ಯಾರದೋ ಮನೆಗೆ ಬಂದೆನೇ ಅನ್ನಿಸಿತು. ಫೋಟೊದಲ್ಲಿ ಬೆಳ್ಳನೆಯ, ತುಂಬಿದ ಕೆನ್ನೆಗಳ ಹೆಂಗಸು ನಗುತ್ತಿದ್ದಳು. ಮುಖದ ಮೇಲೆ ಒಂದು ಚುಕ್ಕೆಯೂ ಇಲ್ಲ.

“ಬನಹಟ್ಟಿ ಸ್ಟುಡಿಯೊದಾಗ ಮಾಡಿಸೀನ್ರಿ ಮಾಸ್ತರ,” ಈರಣ್ಣ ತಗ್ಗಿದ ದನಿಯಲ್ಲಿ ಹೇಳಿದ. “ಕಂಪ್ಯೂಟರನ್ಯಾಗ ಕಲಿ ತಗದ ಕೊಟ್ಟಾರ. ಇದ್ದಾಗಂತೂ ಅತ್ತಿಗೆ ಅದು ತಪ್ಪಲಿಲ್ಲ. ಹೋದ ಮ್ಯಾಲಾದ್ರೂ ಹೋಗ್ಲಿ ಅಂದೆ.”

ಅವನ ಕಣ್ಣು ತುಂಬಿದ್ದವು. ಅವನು ಅದನ್ನು ಪ್ರೀತಿಯಿಂದಲೇ ಮಾಡಿಸಿದ್ದ. ಬಂದವರು ಫೋಟೊ ನೋಡಿ, ಒಂದು ಗಳಿಗೆ ಅನುಮಾನಿಸಿ, ಕೈಮುಗಿಯುತ್ತಿದ್ದರು. “ಎಷ್ಟ ಛಂದ ಕಾಣತಾಳ,” ಎಂದು ಒಬ್ಬಾಕೆ ಅಂದಳು.

ಪೂಜೆಗೆ ಹೊತ್ತಾಯಿತೆಂದು ನಾಗವ್ವನನ್ನು ಒಳಗಿನಿಂದ ಕೈಹಿಡಿದು ಕರೆತಂದರು. ಮಾಲೆಯನ್ನು ಆಕೆಯ ಕೈಯಿಂದಲೇ ಹಾಕಿಸಬೇಕೆಂದಿದ್ದರು. ಆಕೆ ಮಾಲೆ ಹಿಡಿದು ಕುರ್ಚಿಯ ಹತ್ತಿರ ಹೋದಳು, ಬಾಗಿದಳು, ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮಾಲೆಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟಳು.

“ಇಕಿ ಯಾರು?”

“ಅತ್ತಿನ ಬೇ. ಕಲಿ ಅಷ್ಟ ತಗಿಸೀನಿ,” ಎಂದ ಈರಣ್ಣ.

“ಯಾರ ತಗೀ ಅಂದ್ರ ನಿನಗ?” ನಾಗವ್ವನ ದನಿ ಏರಲಿಲ್ಲ. “ನಾ ಹಡದಾಗ ಇದ್ದದ್ದು ಅದು. ಮಂದಿ ಏನೇನರೆ ಅಂದ್ರು. ಅಂದೂ ಅಂದೂ ಅವರ ದಣದ್ರು, ನನ್ನ ಮಗಳ ದಣದ್ಲು. ಈಗ ನೀ ಯಾರದರೆ ಫೋಟೊ ತಂದಿಟ್ಟ ಮಾಲಿ ಹಾಕಂತಿಯಲ್ಲ. ನನ್ನ ಮಗಳ ಮುಖಾ ತಗೊಂಡ ಬಾ.”

ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಳು. ಪೂಜೆಗೆ ಬಂದ ಅಯ್ಯನವರು ಗಡಿಯಾರ ನೋಡಿದರು.

ನಾನೂ ಈರಣ್ಣನೂ ಟಂಟಂ ತೆಗೆದುಕೊಂಡು ಬನಹಟ್ಟಿಗೆ ಹೋದೆವು. ಸ್ಟುಡಿಯೊದವನು ಮೊದಲು ಬೇಜಾರು ಮಾಡಿಕೊಂಡ. ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ಮತ್ತೆ ಹಾಕು ಎಂದವರನ್ನು ತಾನು ಕಂಡೇ ಇಲ್ಲ ಎಂದ. ಈರಣ್ಣ ಮೊಬೈಲಿನಿಂದ ಕಳಿಸಿದ್ದ ಮೂಲ ಚಿತ್ರ ಅವನ ಹತ್ತಿರ ಇನ್ನೂ ಇತ್ತು. ಅದನ್ನೇ ದೊಡ್ಡದು ಮಾಡಿ ತೆಗೆದುಕೊಟ್ಟ. ಕಟ್ಟಿನ ಅಂಗಡಿಯವನು ಹಳೆಯದನ್ನು ಬಿಚ್ಚಿ ಇದನ್ನು ಕೂಡ್ರಿಸಿದ. ಮನೆಯ ಕಟ್ಟೆಯ ಮೇಲೆ ತೆಗೆದ ಫೋಟೊ ಅದು. ಕಸ್ತೂರಕ್ಕ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತ ನೆಟ್ಟಗೆ ನೋಡುತ್ತಿದ್ದಳು. ಕಲೆ ಇಡಿಯಾಗಿ ಕಾಣುತ್ತಿತ್ತು. ದಾರಿಯುದ್ದಕ್ಕೂ ನಾನು ಅದನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಕುಳಿತೆ.

ನಾವು ಬರುವವರೆಗೂ ನಾಗವ್ವ ಕುಳಿತಲ್ಲಿಂದ ಎದ್ದಿರಲಿಲ್ಲ. ಫೋಟೊವನ್ನು ಕುರ್ಚಿಯ ಮೇಲೆ ಇಟ್ಟೆ. ಆಕೆ ಮೊಣಕಾಲಿನ ಮೇಲೆ ಹತ್ತಿರ ಸರಿದು ಬಹಳ ಹೊತ್ತು ನೋಡಿದಳು.

“ಹಾಂ, ಇಕಿ,” ಎಂದಳು. “ಈಗ ಮಾಲಿ ಕೊಡ್ರಿ.”